ದೂಮಣ್ಣನ ಙ

ಬಂದರು ದಕ್ಕೆಯಲ್ಲಿ ಬೋಟುಗಳ ಮೂತಿಯ ಮೇಲೆ
ನಲವತ್ತು ವರ್ಷ ಹೆಸರು ಬರೆದವರು ದೂಮಣ್ಣ ಕರ್ಕೇರ.
ಸ್ಕೇಲು ಇಲ್ಲ, ದಾರ ಇಲ್ಲ,
ಒಂದು ಕಣ್ಣು ಮುಚ್ಚಿದರೆ ಅದೇ ಗೆರೆ.
ಅವರ ಅಕ್ಷರಗಳು ಒಂದು ದಿನವೂ ನೆಟ್ಟಗೆ ನಿಂತದ್ದಿಲ್ಲ.
ನೀರಿನ ಮೇಲೆ ನೆಟ್ಟಗೆ ನಿಂತವ
ಸುಳ್ಳ ಅಲ್ವಾ ಮಾರಾಯ್ರೆ, ಅಂತಾರೆ.

'ಬ' ಅಂದರೆ ಅವರಿಗೆ ಊಟವಾದ ಮೇಲಿನ ಹೊಟ್ಟೆ.
ತಲೆಕಟ್ಟು, ಓರೆಯಾಗಿ ಇಟ್ಟ ಮುಟ್ಟಾಳೆ.
'ಳ'ದ ಬಾಲದಲ್ಲಿ ಬುಟ್ಟಿಯಿಂದ ಜಿಗಿದ ಸಿಗಡಿ.
ಒತ್ತಕ್ಷರಗಳೋ, ಬೆಳಿಗ್ಗೆ ಎಂಟೂವರೆಯ ಸಿಟಿ ಬಸ್ಸಿನ
ಮೆಟ್ಟಿಲಿಗೆ ಜೋತುಬಿದ್ದ ಹುಡುಗರು:
ಈಗ ಬಿದ್ದರು ಅನಿಸುತ್ತದೆ,
ಬೀಳುವುದಿಲ್ಲ.

ಅವನ್ನು ಫಾಂಟು ಮಾಡಲು ಹೊರಟವಳು ನಾನು.
ಮಳೆಗಾಲದಲ್ಲಿ ಬೋಟುಗಳು ರಜೆಯಲ್ಲಿ ಕೂತಾಗ
ಏಣಿ ಹತ್ತಿ ಫೋಟೋ ಹಿಡಿದೆ.
ಉಪ್ಪು ತಿಂದ ಅ, ತುಕ್ಕು ನೆಕ್ಕಿದ ಶ್ರೀ,
ಹಗ್ಗ ಉಜ್ಜಿ ಉಜ್ಜಿ ಅರ್ಧ ಕಿವಿ ಕಳಕೊಂಡ ಜ.
ಅತ್ತಾವರದ ಬಾಡಿಗೆ ಕೋಣೆಯಲ್ಲಿ
ಒಂದೊಂದನ್ನೂ ಚುಕ್ಕೆ ಚುಕ್ಕೆಯಾಗಿ ಪರದೆಗೆ ಹತ್ತಿಸಿದೆ.
ಎಷ್ಟು ಅಚ್ಚುಕಟ್ಟು ಮಾಡಿದೆನೋ ಅಷ್ಟೂ ಸತ್ತವು.
ಮತ್ತೆ ಸೊಟ್ಟ ಮಾಡಿದೆ.
ಎದ್ದು ಕೂತವು.

ಹಾಜರಿ ತೆಗೆದರೆ ಕೆಲವರು ಬಂದೇ ಇಲ್ಲ.
ಬೋಟಿಗೆ ಯಾರೂ ಇಡದ ಹೆಸರುಗಳ ಅಕ್ಷರಗಳು:
ಢ, ಞ,
ಎಲ್ಲರಿಗಿಂತ ಹಿಂದಿನ ಬೆಂಚಿನ ಙ.

ದೂಮಣ್ಣ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡುತ್ತಿದ್ದರು.
ಙ ಒಂದು ಬೇಕಿತ್ತು, ಅಂದೆ.
'ಅದು ಎಂತಕ್ಕೆ?'
ಲೆಕ್ಕಕ್ಕೆ.
'ಕೆಲಸ ಇಲ್ಲದಿದ್ದರೂ?'
ಕೆಲಸ ಇಲ್ಲದಿದ್ದರೂ ಮನೆಯವರು ಮನೆಯವರೇ ಅಲ್ವಾ, ಅಂದೆ.
ತುಂಬ ಹೊತ್ತು ಮಾತಿಲ್ಲ. ಮೇಲೆ ಹದ್ದು ಸುತ್ತುತ್ತಿತ್ತು.
'ಶಾಲೆಯಲ್ಲಿ ನಾನು ಪೆಟ್ಟು ತಿಂದದ್ದು ಇದಕ್ಕೇ.
ಮೂರನೇ ಕ್ಲಾಸು. ಬೆತ್ತ ಮುರಿಯಿತು.
ಆಮೇಲೆ ನಾನು ಆ ಕಡೆ ಹೋಗಲಿಲ್ಲ.'

ಒದ್ದೆ ನೆಲದಲ್ಲಿ ಬೆರಳಿಂದ ಗೀಚಿ ತೋರಿಸಿದೆ.
ಕತ್ತು ಓರೆ ಮಾಡಿ ನೋಡಿದರು, ಹಳೆಯ ವೈರಿಯನ್ನು
ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿದವರ ಹಾಗೆ.
ಕೈಗೆ ಸಿಕ್ಕಿದ್ದು ಐಸ್‌ಬಾಕ್ಸಿನ ಮುಚ್ಚಳ.
ಕೆಂಪಿನಲ್ಲಿ ಅದ್ದಿ, ಉಸಿರು ಕಟ್ಟಿ, ಒಂದೇ ಎಳೆತ:
ಮೀನು ನುಂಗಿದ ದಕ್ಕೆಯ ಬೆಕ್ಕು
ಬಾಲ ಎತ್ತಿಕೊಂಡು ಹೊರಟ ಹಾಗೆ ಬಂತು ಙ.
'ಇಷ್ಟಕ್ಕೆ ಬೆತ್ತ ಮುರಿದರಾ ಮಾರಾಯ್ರು!'

ಈಗ ಊರು ತುಂಬ ಉಂಟು ದೂಮಣ್ಣನ ಕೈ.
ಹಂಪನಕಟ್ಟೆಯಲ್ಲಿ ಗಡ್‌ಬಡ್ ಐಸ್‌ಕ್ರೀಮಿನ ಮೆನುವಿಗೆ,
ಕಂಕನಾಡಿಯ ಗೋಳಿಬಜೆ ಗಾಡಿಗೆ, ನಾಟಕದ ಪೋಸ್ಟರಿಗೆ,
ಒಣಮೀನಿನ ಪ್ಯಾಕೆಟ್ಟಿಗೆ.
ಸಣ್ಣ ಗಾತ್ರಕ್ಕೆ ಬೇಡ ಅಂತ ಮೊದಲೇ ಬರೆದಿದ್ದೆ,
ಇಷ್ಟು ಹೊಟ್ಟೆಯವರನ್ನು ಒಂದೇ ರಿಕ್ಷಾಕ್ಕೆ ತುರುಕಬಾರದು.
ಸಾವಿನ ಸುದ್ದಿಗೂ ಬೇಡ ಅಂತ ಬರೆದಿದ್ದೆ.
ಯಾರು ಓದುತ್ತಾರೆ?

ಬೋಳಾರದ ತಿರುವಿನಲ್ಲಿ ಫ್ಲೆಕ್ಸು.
ಐಸ್ ಪ್ಲಾಂಟಿನ ಮೋಂತು ಪಿರೇರರ ಫೋಟೋದ ಕೆಳಗೆ
ಕುಣಿಯುತ್ತಾ ನಿಂತಿದೆ ಶ್ರದ್ಧಾಂಜಲಿ.
ನಾಚಿಕೆಯಿಂದ ನಾನು ನೆಲ ನೋಡಿದೆ.
ದೂಮಣ್ಣ ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿದು ಹತ್ತಿರ ಹೋದರು.
'ಇರಲಿ ಬಿಡಿ.
ಮೋಂತು ಮುಖ ಗಂಟು ಹಾಕಿದ್ದು ಯಾರು ನೋಡಿದ್ದು?'
ಮತ್ತೆ ಒಂದು ಕಣ್ಣು ಮುಚ್ಚಿದರು.
'ಆದರೆ ಆ ಒತ್ತು ನೋಡಿ, ಧ.
ಹೊಟ್ಟೆಯ ಸೀಳು ಮುಚ್ಚಿ ಹೋಗಿದೆ. ಸರಿ ಮಾಡಿ.'

ಅದೇ ರಾತ್ರಿ ಸರಿ ಮಾಡಿದೆ,
ಮಹಾಪ್ರಾಣಕ್ಕೆ ಗಾಳಿ ಆಡುವಷ್ಟು.

ಙ ಮಾತ್ರ ಇವತ್ತಿಗೂ ಯಾರಿಗೂ ಬೇಕಾಗಲಿಲ್ಲ.
ಮುಚ್ಚಳ ದಕ್ಕೆಯಲ್ಲೇ ಉಂಟು.
ಕೆಳಗೆ ಬಂಗುಡೆ,
ಬಂಗುಡೆಯ ಮೇಲೆ ಮಂಜುಗಡ್ಡೆ,
ಅದರ ಮೇಲೆ ಅದು, ಬಾಲ ಎತ್ತಿಕೊಂಡು.